ಈಜಿಪ್ಟಿನ ನೀಲಿ ಫಯಾನ್ಸ್: ಫಿರೋಜಾ ಕಲ್ಲಿನ ಅಗ್ಗದ ಬದಲಿ ಅನ್ನುವುದು ಸರಿಯಾ?

ನೀಲಿಮಣಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಪುರಾತನ ಈಜಿಪ್ಟಿನ ಫಯಾನ್ಸ್ (ಬೆಣಚು ಕಲ್ಲಿನ ಪುಡಿಯನ್ನು ಸುಟ್ಟು ಮಾಡುವ ಹೊಳಪಿನ ವಸ್ತು) ಬಗ್ಗೆ ಎಲ್ಲಿ ಓದಿದರೂ ಒಂದು ಮಾತು ಸಿಗುತ್ತದೆ. ತಿಳಿನೀಲಿ-ಹಸಿರಿನ ಫಿರೋಜಾ, ಕಡುನೀಲಿಯ ಲ್ಯಾಪಿಸ್ ಲಜುಲಿ ಕಲ್ಲು ಕೊಳ್ಳೋಕೆ ಆಗದವರು ಮಾಡಿಕೊಂಡ ಅಗ್ಗದ ಬದಲಿ ಅಂತ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ, ನಿಮ್ಮ ಅಭಿಪ್ರಾಯವನ್ನೂ ಹೇಳಿ.

ಆ ಕಲ್ಲುಗಳು ದುಬಾರಿ ಅನ್ನುವುದರಲ್ಲಿ ಅನುಮಾನವಿಲ್ಲ. ಫಿರೋಜಾ ಸಿನಾಯ್ ಮರುಭೂಮಿಯಿಂದ ಬರಬೇಕಿತ್ತು. ಸೆರಾಬಿಟ್ ಎಲ್ ಖಾದಿಮ್, ವಾದಿ ಮಘಾರಾ ಗಣಿಗಳಿಗೆ ರಾಜರೇ ತಂಡ ಕಟ್ಟಿ ಜನರನ್ನು ಕಳಿಸುತ್ತಿದ್ದರು. ಲ್ಯಾಪಿಸ್ ಇನ್ನೂ ದೂರದ್ದು. ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳಿಂದ ಎಷ್ಟೋ ಕೈ ದಾಟಿ ನೈಲ್ ತೀರ ಮುಟ್ಟುತ್ತಿತ್ತು.

ಆದರೆ ಫಯಾನ್ಸ್ ಎಲ್ಲೆಲ್ಲಿ ಸಿಕ್ಕಿದೆ ನೋಡಿ. ಸಕ್ಕಾರಾದಲ್ಲಿ ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಇದೆ, ಕ್ರಿ.ಪೂ. 27ನೇ ಶತಮಾನದ್ದು. ಅದರ ನೆಲದಡಿಯ ಕೋಣೆಗಳ ಗೋಡೆಗೆ ನೀಲಿ-ಹಸಿರು ಫಯಾನ್ಸ್ ಬಿಲ್ಲೆಗಳನ್ನು ಕೂರಿಸಿದ್ದಾರೆ. ಸುಮಾರು 36,000 ಬಿಲ್ಲೆಗಳು! ಗೋಡೆಗೆ ಜೊಂಡಿನ ಚಾಪೆ ಇಳಿಬಿಟ್ಟ ಹಾಗೆ ಕಾಣಲಿ ಅಂತ ಸಾಲಾಗಿ ಜೋಡಿಸಿದ್ದಾರೆ. ಒಂದೊಂದು ಬಿಲ್ಲೆಯ ಹಿಂದೆಯೂ ಚಿಕ್ಕ ಉಬ್ಬು, ಅದರಲ್ಲಿ ದಾರ ಪೋಣಿಸಲು ತೂತು. ಅಂಥ ಪಿರಮಿಡ್ ಕಟ್ಟಿಸಿದ ರಾಜ ತನ್ನ ಗೋರಿಗೆ ಕಡಿಮೆ ಬೆಲೆಯದು ಸಾಕು ಅಂದುಕೊಂಡನಾ?

ಈಜಿಪ್ಟಿನ ರಾಜ ಟುಟಾಂಖಾಮನ್‌ನ ಚಿನ್ನದ ಮುಖವಾಡ ಎಲ್ಲರಿಗೂ ಗೊತ್ತು. 10 ಕಿಲೋಗೂ ಜಾಸ್ತಿ ತೂಕ. ಕಣ್ಣಿನ ಸುತ್ತ ಇರುವುದು ಅಸಲಿ ಲ್ಯಾಪಿಸ್. ತಲೆವಸ್ತ್ರದ ಉದ್ದುದ್ದ ನೀಲಿ ಪಟ್ಟಿಗಳು ಮಾತ್ರ ಗಾಜಿನವು. ಗಾಜು ಮತ್ತು ಫಯಾನ್ಸ್ ಹತ್ತಿರದ ಸಂಬಂಧಿಗಳು. ಒಂದೇ ಮುಖವಾಡದ ಮೇಲೆ, ಅದೂ ಚಿನ್ನದ ನಡುವೆ, ಬೆಟ್ಟದ ಕಲ್ಲನ್ನೂ ಬೆಂಕಿಯಲ್ಲಿ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟಿದ್ದಾರೆ.

ಇನ್ನೊಂದು ಉದಾಹರಣೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಈಜಿಪ್ಟಿನ ರಾಜ ಎರಡನೇ ಅಮೆನ್‌ಹೋಟೆಪ್ ಕಾಲದ ಫಯಾನ್ಸ್ ರಾಜದಂಡ. ನಕಾಡಾ ಊರಿನ ಸೇತ್ ದೇವರ ಗುಡಿಯಲ್ಲಿ ಪುರಾತತ್ವಜ್ಞ ಪೆಟ್ರಿ ಅವರ ಉತ್ಖನನದಲ್ಲಿ ಸಿಕ್ಕಿದ್ದು. ಎತ್ತರ 2 ಮೀಟರಿಗೂ ಜಾಸ್ತಿ. ಅಷ್ಟು ಎತ್ತರದ ರಾಜದಂಡ ಕಡೆಯುವಂಥ ಫಿರೋಜಾ ಬಂಡೆ ಎಲ್ಲಿಂದ ತರುತ್ತೀರಿ? ಕಲ್ಲು ಆ ಬಣ್ಣವನ್ನು ಚೂರುಚೂರಾಗಿ ಕೊಡುತ್ತಿತ್ತು. ಭಟ್ಟಿ ಅದೇ ಬಣ್ಣವನ್ನು ಬೇಕಾದ ಅಳತೆಗೆ, ಬೇಕಾದ ಆಕಾರಕ್ಕೆ ಕೊಟ್ಟಿತು. ಅವರು ಹುಡುಕುತ್ತಿದ್ದದ್ದು ಆ ಬಣ್ಣ, ಆ ಹೊಳಪು ಅಂತ ನನ್ನ ನಂಬಿಕೆ.

ತಿಗರಿ

ಒಳ್ಳೇ ವಿಷಯ ಎತ್ತಿದ್ದೀರಿ ನೀಲಿಮಣಿ ಅವರೇ. ನಾನು ಕುಂಬಾರಿಕೆ ಮಾಡುವವನು. ಮಾಡುವ ಬಗೆ ಗೊತ್ತಾದರೆ 'ಅಗ್ಗದ ಬದಲಿ' ಅನ್ನುವವರ ಮಾತು ಅರ್ಧ ನಿಂತೇ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಫಯಾನ್ಸ್‌ನಲ್ಲಿ ಜೇಡಿಮಣ್ಣೇ ಇಲ್ಲ ಅಂದರೂ ನಡೆಯುತ್ತದೆ. ನೂರರಲ್ಲಿ 90 ಭಾಗಕ್ಕೂ ಹೆಚ್ಚು ಬೆಣಚು ಕಲ್ಲಿನ ಪುಡಿ, ಇಲ್ಲವೇ ನುಣ್ಣನೆ ಮರಳು. ಜೊತೆಗೆ ಸ್ವಲ್ಪ ಸುಣ್ಣ, ಸ್ವಲ್ಪ ಸೋಡಾ, ಬಣ್ಣಕ್ಕೆ ತಾಮ್ರ. ಈ ಹಿಟ್ಟು ಕೈಗೆ ಬಗ್ಗುವುದೇ ಇಲ್ಲ. ಜೇಡಿಮಣ್ಣಿನ ಜಿಗುಟು ಅದಕ್ಕಿಲ್ಲ. ಜೋರಾಗಿ ಒತ್ತಿದರೆ ಬಿರುಕು, ತೆಳ್ಳಗೆ ಮಾಡಿದರೆ ಕುಸಿತ. ತಿಗರಿ ಮೇಲೆ ಎತ್ತುವುದಂತೂ ದೂರದ ಮಾತು. ಅದಕ್ಕೇ ಅಚ್ಚು ಬಳಸಿದರು. ಈಜಿಪ್ಟಿನ ಹಳೇ ರಾಜಧಾನಿ ಅಮರ್ನಾದಲ್ಲಿ ಇಂಥ ಮಣ್ಣಿನ ಅಚ್ಚುಗಳು ಸಾವಿರಗಟ್ಟಲೆ ಸಿಕ್ಕಿವೆ. ಅಂಥ ಹಿಟ್ಟಿನಲ್ಲಿ ಎರಡು ಮೀಟರ್ ರಾಜದಂಡ ಮಾಡಿ, ಮುರಿಯದ ಹಾಗೆ ಸುಟ್ಟವರಿಗೆ ನನ್ನ ದೊಡ್ಡ ನಮಸ್ಕಾರ.

ಮೇಲಿನ ಹೊಳಪು ಬರುವುದಕ್ಕೆ ಮೂರು ದಾರಿ ಇದ್ದವು. ಎಲ್ಲಕ್ಕಿಂತ ಸೊಗಸಾದದ್ದು ಹಿಟ್ಟಿನೊಳಗಿಂದಲೇ ಹೊಳಪು ಹುಟ್ಟುವುದು. ತೇವ ಹಿಡಿದ ಗೋಡೆಗೆ ಬಿಳಿ ಉಪ್ಪು ಬಿಡುತ್ತದಲ್ಲ, ಹಾಗೇ ಇದೂ. ಹಿಟ್ಟು ಒಣಗುವಾಗ ನೀರಿನ ಜೊತೆ ಸೋಡಾ ಮೇಲಕ್ಕೆ ಬಂದು ಪದರ ಕಟ್ಟುತ್ತದೆ. ಸುಟ್ಟಾಗ ಆ ಪದರ ಬೆಣಚಿನ ಜೊತೆ ಕರಗಿ ಗಾಜಾಗುತ್ತದೆ. ತಾಮ್ರ ಅದಕ್ಕೆ ಫಿರೋಜಾ ಬಣ್ಣ ಕೊಡುತ್ತದೆ. ಅಂದರೆ ಗ್ಲೇಜ್ (ಗಾಜಿನಂಥ ಮೆರುಗಿನ ಲೇಪ) ಬಳಿಯುವ ಕೆಲಸವೇ ಇಲ್ಲ, ವಸ್ತು ತಾನೇ ಮೆರುಗು ತಂದುಕೊಳ್ಳುತ್ತದೆ.

ಎರಡನೇ ದಾರಿಯಲ್ಲಿ ಒಣಗಿದ ಮಣಿಗಳನ್ನು ಸೋಡಾ, ಸುಣ್ಣ, ತಾಮ್ರ ಸೇರಿದ ಪುಡಿಯಲ್ಲಿ ಹೂತು ಸುಡುತ್ತಾರೆ. ತಣ್ಣಗಾದ ಮೇಲೆ ಪುಡಿ ಉದುರಿಸಿದರೆ ಒಳಗೆ ಹೊಳೆಯುವ ನೀಲಿ ಮಣಿ. ಇರಾನಿನ ಕೋಮ್ ಊರಿನಲ್ಲಿ ಕತ್ತೆಗಳಿಗೆ ಕಟ್ಟುವ ನೀಲಿ ಮಣಿಗಳನ್ನು 1960ರ ದಶಕದಲ್ಲೂ ಹೀಗೇ ಮಾಡುತ್ತಿದ್ದರು. ಸಂಶೋಧಕರು ಅದನ್ನು ನೋಡಿ ದಾಖಲಿಸಿದ ಮೇಲೇ ಈ ವಿಧಾನ ಸರಿಯಾಗಿ ಅರ್ಥವಾಗಿದ್ದು. ಮೂರನೆಯದು ನಾವು ಈಗಲೂ ಮಾಡುವಂಥದ್ದೇ: ಗ್ಲೇಜ್ ಕಲಸಿ ಮೇಲೆ ಬಳಿಯುವುದು.

ಉರಿ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಒಳಗೆ. ಸ್ವಲ್ಪ ಜಾಸ್ತಿಯಾದರೆ ಇಡೀ ವಸ್ತು ಕರಗಿ ಕೂರುತ್ತದೆ. ಸ್ವಲ್ಪ ಕಮ್ಮಿಯಾದರೆ ಪುಡಿಪುಡಿ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇದನ್ನು ಸಾಧಿಸಿದರು. ಸಾಮಾನು ಅಗ್ಗ ಇರಬಹುದು, ಕೈಕೆಲಸ ಖಂಡಿತ ಅಗ್ಗದ್ದಲ್ಲ.

ನಿವೃತ್ತ ಮೇಷ್ಟ್ರು

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನಾನು ಪೂರ್ತಿ ಒಪ್ಪುವುದಿಲ್ಲ. ರಾಜರ ಗೋರಿಯಿಂದ ಸ್ವಲ್ಪ ಈಚೆ ಬನ್ನಿ, ಸಿಂಧೂ ಬಯಲಿಗೆ.

ಹರಪ್ಪ ಕಾಲದ ಜನರಿಗೆ ಕಾರ್ನೀಲಿಯನ್ ಅಂದರೆ ಪ್ರಾಣ. ಕೆಂಪು ಅಕೀಕ್ ಅಂತೀವಲ್ಲ, ಅದೇ. ಕರಾಚಿ ಹತ್ತಿರದ ಅಲ್ಲಾಹ್‌ದಿನೋದಲ್ಲಿ ಒಂದು ಸೊಂಟಪಟ್ಟಿ ಸಿಕ್ಕಿದೆ. ಅದರಲ್ಲಿ 36 ಉದ್ದನೆಯ ಕಾರ್ನೀಲಿಯನ್ ಮಣಿಗಳು. ಅಷ್ಟು ಗಟ್ಟಿ ಕಲ್ಲಿಗೆ ಎರಡೂ ತುದಿಯಿಂದ ಸಣ್ಣ ತೂತು ಕೊರೆದು ನಡುವೆ ಸೇರಿಸುವುದು ದಿನಗಟ್ಟಲೆ ಕೆಲಸ. ಇಂಥ ಪಟ್ಟಿ ಹಾಕಿಕೊಳ್ಳುವವರು ಊರಿಗೆ ಎಷ್ಟು ಜನ ಇರಬಹುದು? ಅದೇ ಆಕಾರದ ಉದ್ದನೆಯ ಮಣಿಗಳು ಸುಟ್ಟ ಮಣ್ಣಿನಲ್ಲೂ ಸಿಕ್ಕಿವೆ. ಮೇಲೆ ಕೆಂಪು ಬಣ್ಣ ಬಳಿದಿದ್ದಾರೆ. ಕಾರ್ನೀಲಿಯನ್ ಮೇಲೆ ಬಿಳಿ ಗೆರೆ ಮೂಡಿಸುವ ಕಲೆ ಅವರಿಗಿತ್ತು. ಅದನ್ನೂ ಬಳಪದ ಕಲ್ಲಿನ ಮಣಿಗಳ ಮೇಲೆ ಕೆಂಪು-ಬಿಳಿ ಬಳಿದು ಅನುಕರಿಸಿದ್ದಾರೆ. ಇದನ್ನು ಬದಲಿ ಅನ್ನದೆ ಏನನ್ನೋಣ? ಆಸೆ ಇತ್ತು, ಸಂಪತ್ತು ಇರಲಿಲ್ಲ. ಮಣ್ಣಿನ ಮಣಿ ಹಾಕಿಕೊಂಡವರ ಆಸೆಯನ್ನೂ ನಾವು ಮರೆಯಬಾರದು ಅನ್ನುವುದು ನನ್ನ ಮಾತು.

ಆ ಕಾಲದವರಿಗೂ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು, ಅದನ್ನು ಲೆಕ್ಕಕ್ಕೂ ಹಿಡಿಯುತ್ತಿದ್ದರು. ಸಿರಿಯಾ ಕಡೆಯ ಮಿತನ್ನಿ ರಾಜ್ಯದ ರಾಜ ತುಷ್ರತ್ತ ಈಜಿಪ್ಟಿನ ಫೇರೋಗೆ ಕಳಿಸಿದ ಉಡುಗೊರೆಗಳ ಪಟ್ಟಿ ಅಮರ್ನಾ ಪತ್ರಗಳಲ್ಲಿ (ಅಮರ್ನಾದಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಮೇಲಿನ ರಾಜರ ಪತ್ರಗಳು) ಇದೆ. ಅಲ್ಲಿ 'ಅಸಲಿ ಲ್ಯಾಪಿಸ್' ಅಂತ ಮತ್ತೆ ಮತ್ತೆ ಬಿಡಿಸಿ ಬರೆದಿದ್ದಾರೆ. ಎರಡಕ್ಕೂ ಒಂದೇ ಬೆಲೆ ಇದ್ದಿದ್ದರೆ ಹಾಗೆ ಬರೆಯುವ ಅಗತ್ಯ ಏನಿತ್ತು?

ಇನ್ನೊಂದು ಸಂಗತಿ. ಅಸಲಿ ಕಾರ್ನೀಲಿಯನ್ ಕೂಡ ಬೆಂಕಿ ಕಂಡೇ ಬಂದದ್ದು. ಗುಜರಾತಿನ ಖಂಭಾತ್‌ನಲ್ಲಿ ಇವತ್ತಿಗೂ ಅಕೀಕ್ ಕೆಲಸ ನಡೆಯುತ್ತದೆ. ನೆಲದಿಂದ ತೆಗೆದ ಕಲ್ಲು ಮಾಸಲು ಹಳದಿ, ಕಂದು. ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶ ಬದಲಾಗಿ ಕೆಂಪಾಗುತ್ತದೆ. ಈ ಅಂಶ ನೀಲಿಮಣಿ ಅವರ ಪಕ್ಷಕ್ಕೆ ಹೋಗುತ್ತದೆ ಅನ್ನಿ. ಪರವಾಗಿಲ್ಲ, ನಿಜವನ್ನು ಹೇಳಲೇಬೇಕಲ್ವಾ.

ನೀಲಿಮಣಿ

ಮೇಷ್ಟ್ರೇ, ಕೆಂಪು ಬಳಿದ ಮಣ್ಣಿನ ಮಣಿಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅವು ಬದಲಿಯೇ. ಆದರೆ ಅದೇ ಹರಪ್ಪದವರು ಮಾಡಿದ ಫಯಾನ್ಸ್ ಬಳೆಗಳನ್ನು, ಸಣ್ಣ ಅಳಿಲಿನ ಗೊಂಬೆಗಳನ್ನು ಆ ಸಾಲಿಗೆ ಸೇರಿಸಬೇಡಿ. ಅವರು ಮೊದಲು ಗಾಜಿನಂಥ ವಸ್ತು ಕರಗಿಸಿ, ಅದನ್ನು ಪುಡಿ ಮಾಡಿ, ಆ ಪುಡಿಯಿಂದ ಮತ್ತೆ ಆಕಾರ ಮಾಡಿ ಸುಡುತ್ತಿದ್ದರು ಅಂತ ಅಧ್ಯಯನಗಳು ತೋರಿಸಿವೆ. ಅದಕ್ಕೇ ಅವರ ಫಯಾನ್ಸ್ ಈಜಿಪ್ಟಿನದಕ್ಕಿಂತ ಗಟ್ಟಿ.

ಮೊಹೆಂಜೊದಾರೊದ ಸ್ಟೋನ್‌ವೇರ್ (ಕಲ್ಲಿನಷ್ಟು ಗಟ್ಟಿಯಾಗುವಂತೆ ಸುಟ್ಟ ಮಣ್ಣು) ಬಳೆಗಳನ್ನೇ ತೆಗೆದುಕೊಳ್ಳಿ. ತುಂಬಾ ನುಣ್ಣಗೆ ಸೋಸಿದ ಮಣ್ಣು. ಸುಟ್ಟ ಮೇಲೆ ಕಪ್ಪು-ಬೂದು ಬಣ್ಣ, ನಯವಾದ ಕಲ್ಲು ಅಂತಲೇ ಅನಿಸುತ್ತದೆ. ಮುಚ್ಚಿದ ಮಣ್ಣಿನ ಪಾತ್ರೆಯೊಳಗೆ ಇಟ್ಟು, ಮೇಲೆ ಮುದ್ರೆ ಒತ್ತಿ ಸುಡುತ್ತಿದ್ದರು. ಬಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬರಹ. ಅಳತೆ ಹೆಚ್ಚುಕಡಿಮೆ ಒಂದೇ. ಮುದ್ರೆ ಒತ್ತಿ ಕಾಪಾಡುವ ವಸ್ತು ಬಡವರ ಬದಲಿ ಹೇಗಾದೀತು? ಅದನ್ನು ಹಾಕಿಕೊಳ್ಳುವವರು ಯಾವುದೋ ಸ್ಥಾನದಲ್ಲಿದ್ದವರು.

ತುಷ್ರತ್ತನ ಪಟ್ಟಿಯ ಬಗ್ಗೆ. ಅಸಲಿಯನ್ನು ಅಸಲಿ ಅಂತ ಬರೆದರು ಅಂದರೆ ಯಾರೂ ಯಾರನ್ನೂ ಮೋಸ ಮಾಡುತ್ತಿರಲಿಲ್ಲ ಅಂತಲೂ ಆಯಿತು. ಮೆಸಪೊಟೇಮಿಯಾದ ಬರಹಗಳಲ್ಲಿ 'ಬೆಟ್ಟದ ಲ್ಯಾಪಿಸ್', 'ಭಟ್ಟಿಯ ಲ್ಯಾಪಿಸ್' ಅಂತ ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದ್ದಾರೆ. ಕ್ರಿ.ಪೂ. 7ನೇ ಶತಮಾನದ ಅಸ್ಸೀರಿಯಾದ ರಾಜ ಅಶುರ್‌ಬನಿಪಾಲ್‌ನ ಗ್ರಂಥಭಂಡಾರದಲ್ಲಿ ಭಟ್ಟಿಯ ಲ್ಯಾಪಿಸ್ ಮಾಡುವ ವಿಧಾನ ಬರೆದ ಮಣ್ಣಿನ ಹಲಗೆಗಳು ಸಿಕ್ಕಿವೆ. ಒಳ್ಳೆಯ ತಿಂಗಳು, ಒಳ್ಳೆಯ ದಿನ ನೋಡಿ ಭಟ್ಟಿ ಹಾಕಬೇಕು. ದೇವತೆಗಳನ್ನು ಕೂರಿಸಬೇಕು. ಮೈಲಿಗೆಯಾದವರು ಹತ್ತಿರ ಬರಬಾರದು. ಬಲಿ ಕೊಟ್ಟ ಮೇಲೆ ಉರಿ ಹಚ್ಚಬೇಕು. ಸುಮ್ನೆ ಒಂದು ಅಗ್ಗದ ಸಾಮಾನಿಗೆ ಇಷ್ಟೆಲ್ಲ ಶಾಸ್ತ್ರ ಯಾರು ಮಾಡುತ್ತಾರೆ?

ಕಾವೇರಿ ತೀರ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ನೀಲಿ ನೀರುಕುದುರೆಯನ್ನು ಯಾರೂ ನೆನೆಸಲಿಲ್ಲವಲ್ಲ! ಅದನ್ನು ವಿಲಿಯಂ ಅಂತ ಕರೆಯುತ್ತಾರೆ. ಮೇರ್ ಅನ್ನುವ ಊರಿನ ಗೋರಿಯಲ್ಲಿ ಸಿಕ್ಕಿದ್ದು. 20 ಸೆಂಟಿಮೀಟರ್ ಉದ್ದ, ಸುಮಾರು 3,900 ವರ್ಷ ಹಳೆಯದು. ಮೈಮೇಲೆಲ್ಲ ತಾವರೆ ಹೂವು, ಮೊಗ್ಗು, ಎಲೆ ಬಿಡಿಸಿದ್ದಾರೆ. ನೈಲ್ ನದಿಯೇ ಅದರ ಮೈಮೇಲೆ ಇದೆ ಅನಿಸುತ್ತದೆ. ಮೂರು ಕಾಲುಗಳನ್ನು ಬೇಕಂತಲೇ ಮುರಿದು ಗೋರಿಯಲ್ಲಿ ಇಟ್ಟಿದ್ದರು, ಸತ್ತವರಿಗೆ ಅದು ತೊಂದರೆ ಕೊಡದಿರಲಿ ಅಂತ. ಈಗ ಕಾಣುವ ಆ ಕಾಲುಗಳು ಆಮೇಲೆ ಜೋಡಿಸಿದವು. ಇಷ್ಟು ಜೀವ ಇರುವ ವಸ್ತುವನ್ನು ನೋಡಿ ಫಿರೋಜಾ ಕಲ್ಲಿನ ನೆನಪು ಯಾರಿಗೆ ಬರುತ್ತದೆ? ನಾನಂತೂ ನೀಲಿಮಣಿ ಅವರ ಕಡೆ.

ಲಂಡನ್ ಕನ್ನಡಿಗ

ಚರ್ಚೆ ತುಂಬಾ ಹಿಡಿಸಿತು. ಯುರೋಪಿನ ಎರಡು ಸಂಗತಿ ಸೇರಿಸುತ್ತೇನೆ, ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇದೆ.

ಮೊದಲನೆಯದು ಜರ್ಮನಿಯದು. ಸ್ಯಾಕ್ಸನಿಯ ದೊರೆ ಆಗಸ್ಟಸ್, ಚಿನ್ನ ಮಾಡಬಲ್ಲೆ ಅಂದಿದ್ದ ಬೊಟ್‌ಗರ್ ಅನ್ನುವ ಯುವಕನನ್ನು ಬಂಧನದಲ್ಲಿಟ್ಟಿದ್ದ. ಚಿನ್ನ ಆಗಲಿಲ್ಲ. 1708ರ ಹೊತ್ತಿಗೆ ಅವನ ಪ್ರಯೋಗಗಳಿಂದ ಕಡುಗೆಂಪು ಸ್ಟೋನ್‌ವೇರ್ ಬಂತು. ಅದನ್ನು ಜ್ಯಾಸ್ಪರ್ ಅನ್ನುವ ಕಲ್ಲಿನ ಹೆಸರಿಟ್ಟು ಜ್ಯಾಸ್ಪರ್ ಪಿಂಗಾಣಿ ಅಂತಲೇ ಕರೆದರು. ಎಷ್ಟು ಗಟ್ಟಿ ಅಂದರೆ ರತ್ನ ಕಡೆಯುವವರು ತಮ್ಮ ಚಕ್ರದ ಮೇಲೆ ಹಿಡಿದು ಉಜ್ಜಿ, ಕೆತ್ತಿ ಹೊಳಪು ಕೊಡುತ್ತಿದ್ದರು. ಬಿಳಿ ಪಿಂಗಾಣಿ ಆಮೇಲೆ ಬಂತು. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು.

ಎರಡನೆಯದು ಇಂಗ್ಲೆಂಡಿನ ಕುಂಬಾರ ಜೊಸಾಯಾ ವೆಜ್‌ವುಡ್. ತಿಳಿನೀಲಿ ಮೈ, ಮೇಲೆ ಬಿಳಿ ಉಬ್ಬುಚಿತ್ರ ಇರುವ ಬಟ್ಟಲು, ಹೂದಾನಿ ನೀವು ನೋಡಿರುತ್ತೀರಿ. ಅದೇ ಜ್ಯಾಸ್ಪರ್‌ವೇರ್. ಬಣ್ಣದ ಪದರಗಳಿರುವ ಕಲ್ಲಿನಲ್ಲಿ ಕೊರೆಯುವ ಕ್ಯಾಮಿಯೊ ಆಭರಣಗಳ ನೋಟವನ್ನು ಮಣ್ಣಿನಲ್ಲಿ ತರಬೇಕು ಅಂತ ಸಾವಿರಾರು ತುಣುಕು ಸುಟ್ಟು ನೋಡಿದ. ಕೊನೆಗೆ ಬೇರಿಯಂ ಸಲ್ಫೇಟ್ ಖನಿಜ ಬೆರೆಸಿದಾಗ 1775ರ ಸುಮಾರಿಗೆ ಕೈಹಿಡಿಯಿತು. ಮೇಲೆ ಗ್ಲೇಜ್ ಇಲ್ಲ. ಬಣ್ಣ ಮಣ್ಣಿನೊಳಗೇ ಇದೆ, ಕಲ್ಲಿನಲ್ಲಿ ಇರುವ ಹಾಗೆ.

ಅವನ ಅತಿ ದೊಡ್ಡ ಸಾಹಸ ಪೋರ್ಟ್‌ಲ್ಯಾಂಡ್ ಹೂದಾನಿ. ಮೂಲ ಹೂದಾನಿ ರೋಮನ್ನರ ಕಾಲದ್ದು, ಕಡುನೀಲಿ ಗಾಜಿನ ಮೇಲೆ ಬಿಳಿ ಗಾಜು ಹೊದಿಸಿ ಕೊರೆದದ್ದು. ಗಮನಿಸಿ, ಆ ಗಾಜೇ ಪದರದ ಕಲ್ಲಿನ ಅನುಕರಣೆ! ವೆಜ್‌ವುಡ್ 1786ರಲ್ಲಿ ಅದನ್ನು ಎರವಲು ಪಡೆದು ವರ್ಷಗಟ್ಟಲೆ ಹೆಣಗಿ, 1790ರಲ್ಲಿ ಪ್ರತಿಯನ್ನು ಲಂಡನ್ನಿನಲ್ಲಿ ಜನರಿಗೆ ತೋರಿಸಿದ. 1845ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಬ್ಬ ಮೂಲ ಹೂದಾನಿಯನ್ನು ಒಡೆದು ಚೂರು ಮಾಡಿದ. ಮತ್ತೆ ಜೋಡಿಸುವಾಗ ವೆಜ್‌ವುಡ್ ಮಾಡಿದ ಪ್ರತಿಯೇ ನೆರವಿಗೆ ಬಂತು.

ಅದೇ ಜ್ಯಾಸ್ಪರ್‌ವೇರ್‌ನಲ್ಲಿ 1787ರಲ್ಲಿ ಅವನು ಗುಲಾಮಗಿರಿಯ ವಿರುದ್ಧ ಪದಕಗಳನ್ನು ಮಾಡಿ ಹಂಚಿದ. ಸಂಕೋಲೆ ಹಾಕಿದ ಮನುಷ್ಯ ಮಂಡಿಯೂರಿ, ನಾನು ಮನುಷ್ಯನಲ್ಲವೇ, ಸೋದರನಲ್ಲವೇ ಅಂತ ಕೇಳುವ ಚಿತ್ರ. ಜನ ಅದನ್ನು ಬಟ್ಟೆಗೆ, ತಲೆಗೂದಲಿಗೆ ಸಿಕ್ಕಿಸಿಕೊಂಡು ಓಡಾಡಿದರು. ರತ್ನದಲ್ಲಿ ಕೆತ್ತಿದ್ದರೆ ಅಷ್ಟು ಜನರ ಕೈಗೆ ಅದು ಸಿಗುತ್ತಿತ್ತಾ?

ನಿವೃತ್ತ ಮೇಷ್ಟ್ರು

ಲಂಡನ್ ಕನ್ನಡಿಗರ ಈ ಕೊನೆಯ ಮಾತು ನನ್ನ ಕಡೆಗೇ ಬರುತ್ತದೆ. ಅಗ್ಗ ಆದದ್ದರಿಂದಲೇ ಅದು ಜನರನ್ನು ಮುಟ್ಟಿತು. ಅಗ್ಗ ಅನ್ನುವುದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ ನೀಲಿಮಣಿ ಅವರೇ. ಈಜಿಪ್ಟಿನಲ್ಲೂ ಸಾಮಾನ್ಯರ ಗೋರಿಗಳಲ್ಲಿ ಫಯಾನ್ಸ್ ಮಣಿ, ತಾಯಿತ ಸಿಗುತ್ತವೆ. ರಾಜನ ಗೋಡೆಯಲ್ಲೂ ಕೂಲಿಯವನ ಮಗುವಿನ ಕೊರಳಲ್ಲೂ ಒಂದೇ ನೀಲಿ ಇತ್ತು ಅಂದರೆ ಅದು ಆ ವಸ್ತುವಿನ ಹೆಚ್ಚುಗಾರಿಕೆ. ನೀವು ರಾಜರನ್ನು ಮಾತ್ರ ಸಾಕ್ಷಿಗೆ ಕರೆಯುತ್ತಿದ್ದೀರಿ ಅನ್ನುವುದೇ ನನ್ನ ತಕರಾರು.

ಹಸಿರು ಬಟ್ಟಲು

ಚೀನಾ ಬಿಟ್ಟು ಈ ಚರ್ಚೆ ಮುಗಿಸಬಾರದು. ಅಲ್ಲಿ ಜೇಡ್ ಕಲ್ಲಿಗೆ ಇರುವ ಗೌರವ ಬೇರೆ ಯಾವ ಕಲ್ಲಿಗೂ ಇಲ್ಲ. 8ನೇ ಶತಮಾನದಲ್ಲಿ ಚಹದ ಬಗ್ಗೆ ಬರೆದ ಲು ಯು, ಯುಎ ಊರಿನ ಹಸಿರು ಬಟ್ಟಲುಗಳನ್ನು ಜೇಡ್‌ಗೆ ಹೋಲಿಸಿದ, ಶಿಂಗ್‌ನ ಬಿಳಿ ಬಟ್ಟಲುಗಳನ್ನು ಬೆಳ್ಳಿಗೆ. ಎರಡರಲ್ಲಿ ಅವನು ಮೇಲೆ ಅಂದದ್ದು ಯುಎ ಬಟ್ಟಲನ್ನೇ.

ಸಾಂಗ್ ರಾಜರ ಕಾಲಕ್ಕೆ ಈ ಹಸಿರು ಪಿಂಗಾಣಿ, ಅಂದರೆ ಸೆಲಡಾನ್, ಶಿಖರ ಮುಟ್ಟಿತು. ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚುವಾನ್ ಭಟ್ಟಿಗಳು ಹೆಸರುವಾಸಿ. ಬಣ್ಣ ಕೊಡುವುದು ಗ್ಲೇಜ್‌ನಲ್ಲಿರುವ ಒಂದೆರಡು ಶೇಕಡಾ ಕಬ್ಬಿಣ ಅಷ್ಟೇ. ಭಟ್ಟಿಗೆ ಗಾಳಿ ಕಮ್ಮಿ ಮಾಡಿ ಹೊಗೆಯಲ್ಲಿ ಸುಟ್ಟರೆ ಹಸಿರು. ಗಾಳಿ ಜಾಸ್ತಿಯಾದರೆ ಹಳದಿ, ಕಂದು.

ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಅದರ ಆಳ. ಜೇಡ್ ಕಲ್ಲಿನಲ್ಲಿ ಬೆಳಕು ಒಳಗೆ ಹೋಗಿ ಮಂದವಾಗಿ ಹರಡುತ್ತದೆ. ಹೊಳೆಯುವ ಗಾಜಿನಲ್ಲಿ ಹಾಗೆ ಆಗುವುದಿಲ್ಲ. ದಕ್ಷಿಣ ಸಾಂಗ್ ಕಾಲದ ಕುಂಬಾರರು ಗ್ಲೇಜ್ ಅನ್ನು ಪದರದ ಮೇಲೆ ಪದರ ಹಾಕಿ ದಪ್ಪ ಮಾಡಿದರು. ಕೆಲವು ಗುವಾನ್ (ಅರಮನೆಗಾಗಿ ಮಾಡಿದ) ಪಾತ್ರೆಗಳಲ್ಲಿ ಒಳಗಿನ ಮಣ್ಣಿಗಿಂತ ಗ್ಲೇಜ್ ಪದರವೇ ದಪ್ಪ! ಆ ಗ್ಲೇಜ್‌ನೊಳಗೆ ಸಣ್ಣ ಗುಳ್ಳೆಗಳು, ಪೂರ್ತಿ ಕರಗದ ಬೆಣಚಿನ ಕಣಗಳು ಉಳಿಯುತ್ತವೆ. ಬೆಳಕು ಅವಕ್ಕೆ ತಾಗಿ ಚೆದುರುತ್ತದೆ. ಕಲ್ಲಿನ ಬಣ್ಣವನ್ನು ಅನುಕರಿಸಿದವರು ಬಹಳ ಜನ. ಕಲ್ಲಿನೊಳಗಿನ ಬೆಳಕನ್ನೇ ಹಿಡಿದವರು ಇವರು.

ವಿಷ ಹಾಕಿದ ಊಟ ಬಡಿಸಿದರೆ ಸೆಲಡಾನ್ ತಟ್ಟೆ ಬಣ್ಣ ಬದಲಿಸುತ್ತದೆ ಅನ್ನುವ ನಂಬಿಕೆಯೂ ಇತ್ತು. ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯಲ್ಲಿ ಸೆಲಡಾನ್ ಪಾತ್ರೆಗಳ ದೊಡ್ಡ ಸಂಗ್ರಹವೇ ಇದೆ. ನಮ್ಮ ಹಂಪಿಯ ಉತ್ಖನನಗಳಲ್ಲೂ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ವಿಜಯನಗರದವರ ಮನೆಗಳಿಗೂ ಚೀನಾದ ಭಟ್ಟಿಗಳಿಂದ ಸಾಮಾನು ಬರುತ್ತಿತ್ತು.

ಮಲೆನಾಡ ಮಣ್ಣು

ತಿಗರಿ ಅಣ್ಣ, ಈ ಈಜಿಪ್ಟಿನ ಹಿಟ್ಟನ್ನು ಈಗ ನಾವು ಮಾಡಬಹುದಾ? ನಮ್ಮಲ್ಲಿ ಸಣ್ಣ ಕರೆಂಟ್ ಭಟ್ಟಿ ಇದೆ. ಮಣಿ ಮಾಡುವ ಆಸೆ. ಊರು ಸಾಗರದ ಕಡೆ, ಮಳೆಗಾಲ ಜಾಸ್ತಿ. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಕಸುಬು ಇನ್ನೂ ಉಳಿದಿದೆಯಾ?

ತಿಗರಿ

ಖಂಡಿತ ಮಾಡಬಹುದು ತಮ್ಮಾ. ಬೆಣಚಿನ ಪುಡಿ ಮತ್ತು ಫೆಲ್ಡ್‌ಸ್ಪಾರ್ ಜಾಸ್ತಿ. ವಾಷಿಂಗ್ ಸೋಡಾ, ಅಡುಗೆ ಸೋಡಾ ಎರಡೂ ಸೇರಿ 10 ಭಾಗದ ಆಸುಪಾಸು. ಸ್ವಲ್ಪ ಸುಣ್ಣದ ಪುಡಿ. ಕೈಗೆ ಅಂಟು ಬರಲು ಚೂರು ಬೆಂಟೊನೈಟ್ ಅನ್ನುವ ಜಿಗುಟು ಜೇಡಿಮಣ್ಣು. ಬಣ್ಣಕ್ಕೆ ಕಾಪರ್ ಕಾರ್ಬೊನೇಟ್ 2-3 ಭಾಗ ಸಾಕು. ನೀರು ಕಮ್ಮಿ ಹಾಕಿ ಕಲಸು. ಮೊದಲು ಸಣ್ಣ ಉಂಡೆ ಸುಟ್ಟು ನೋಡು, ನಿನ್ನ ಪುಡಿಗೆ ತಕ್ಕ ಹಾಗೆ ಅಳತೆ ಬದಲಿಸಬೇಕಾಗುತ್ತದೆ.

ಮಾಡಿದ ಮಣಿಯನ್ನು ಒಣಗುವಾಗ ಮುಟ್ಟಲೇಬೇಡ. ಮೇಲೆ ಬಂದ ಉಪ್ಪು ಬೆರಳಿಗೆ ಅಂಟಿ ಹೋದರೆ ಅಲ್ಲಿ ಹೊಳಪು ಬರುವುದಿಲ್ಲ. ಅದಕ್ಕೇ ಭಟ್ಟಿಯ ಉರಿ ತಡೆಯುವ ನೈಕ್ರೋಮ್ ತಂತಿಗೆ ಪೋಣಿಸಿ ಒಣಗಿಸು, ಅದೇ ತಂತಿಯ ಜೊತೆ ಭಟ್ಟಿಗೆ ಇಡು. 900-950 ಡಿಗ್ರಿ ಸಾಕು. ಮಳೆಗಾಲದಲ್ಲಿ ಕೈಹಾಕಬೇಡ. ಗಾಳಿ ತಾಗಿದ ಕಡೆಯೇ ಉಪ್ಪು ಮೇಲೆ ಬರುವುದು, ತೇವದಲ್ಲಿ ಒಣಗಿದರೆ ಅರ್ಧ ಮಂಕಾಗಿ ಉಳಿಯುತ್ತದೆ. ಬೆಣಚಿನ ಪುಡಿ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡು. ಇದರಲ್ಲಿ ಲೋಟ, ತಟ್ಟೆ ಮಾಡಬೇಡ. ತಾಮ್ರ ಆಹಾರಕ್ಕೆ ಬಿಟ್ಟುಕೊಳ್ಳುತ್ತದೆ.

ನಮ್ಮಲ್ಲಿ ಹತ್ತಿರದ್ದು ಅಂದರೆ ಜೈಪುರದ ನೀಲಿ ಕುಂಬಾರಿಕೆ. ಪರ್ಷಿಯಾ ಕಡೆಯಿಂದ ಬಂದ ಕಸುಬು. ಅದಕ್ಕೂ ಮಾಮೂಲಿ ಜೇಡಿಮಣ್ಣು ಬೇಡ. ಬೆಣಚಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಅಂಟು, ಸೋಡಾ. 800-850 ಡಿಗ್ರಿ ಉರಿ. ಫಿರೋಜಾ ಬಣ್ಣಕ್ಕೆ ತಾಮ್ರ, ಕಡುನೀಲಿಗೆ ಕೋಬಾಲ್ಟ್. ಈ ಕಸುಬು ಒಂದು ಕಾಲಕ್ಕೆ ಇನ್ನೇನು ಹೋಯಿತು ಅನ್ನುವ ಸ್ಥಿತಿಗೆ ಬಂದಿತ್ತು. ಕೃಪಾಲ್ ಸಿಂಗ್ ಶೇಖಾವತ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದಕ್ಕೆ ಬೆನ್ನಿಗೆ ನಿಂತವರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರೂ ಒಬ್ಬರು, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಜೈಪುರಕ್ಕೆ ಹೋದರೆ ಮಾಡುವವರ ಪಕ್ಕ ಕೂತು ಹಿಟ್ಟು ಕಲಸುವುದನ್ನು ನೋಡಿಕೊಂಡು ಬಾ, ಓದುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಕಾವೇರಿ ತೀರ

ಒಂದು ಪ್ರಶ್ನೆ. ಸಂಗ್ರಹಾಲಯದಲ್ಲಿ ನೋಡುವಾಗ ಯಾವುದು ಫಿರೋಜಾ ಥರ, ಯಾವುದು ಲ್ಯಾಪಿಸ್ ಥರ ಮಾಡಿದ್ದು ಅಂತ ಹೇಗೆ ತಿಳಿಯುವುದು?

ನೀಲಿಮಣಿ

ತಿಳಿನೀಲಿ-ಹಸಿರು ಇದ್ದರೆ ತಾಮ್ರ, ಫಿರೋಜಾ ಕಡೆಯದು. ನೇರಳೆ ಛಾಯೆಯ ಕಡುನೀಲಿ ಇದ್ದರೆ, ಅದರಲ್ಲೂ ಟುಟಾಂಖಾಮನ್ ಕಾಲದ ಸುಮಾರಿನದಾದರೆ, ಹೆಚ್ಚಾಗಿ ಕೋಬಾಲ್ಟ್. ಖಾರ್ಗಾ, ದಾಖ್ಲಾ ಮರುದ್ಯಾನಗಳ ಪಟಿಕದಲ್ಲಿ ಕೋಬಾಲ್ಟ್ ಇರುತ್ತಿತ್ತು, ಅದನ್ನು ಬಳಸಿದರು. ಸಾಧ್ಯವಾದರೆ ತಳವನ್ನೂ ನೋಡಿ. ತಳದಲ್ಲಿ ಮೆರುಗಿಲ್ಲದ ಗುರುತಿದ್ದರೆ ಅದು ಒಣಗುವಾಗ ಕೂತಿದ್ದ ಜಾಗ. ಸುತ್ತ ಎಲ್ಲ ಸಮನಾಗಿ ಹೊಳೆದರೆ ಪುಡಿಯಲ್ಲಿ ಹೂತು ಸುಟ್ಟದ್ದಿರಬಹುದು.

ಮೇಷ್ಟ್ರೇ, ಸಾಮಾನ್ಯರ ತಾಯಿತಗಳನ್ನು ನಾನು ಬಿಟ್ಟದ್ದು ನಿಜ, ಆದರೆ ಅವು ನನ್ನ ಮಾತನ್ನು ಇನ್ನೂ ಗಟ್ಟಿ ಮಾಡುತ್ತವೆ ಅಂತಲೇ ನನ್ನ ವಾದ. ರಾಜನೂ ಕೂಲಿಯವನೂ ಇಬ್ಬರೂ ಬೇಕು ಅಂದದ್ದನ್ನು ಬದಲಿ ಅನ್ನೋಕೆ ನನಗೆ ಮನಸ್ಸು ಬಾರದು.

ನಿವೃತ್ತ ಮೇಷ್ಟ್ರು

ಸರಿ, ವಾದ ಮುಂದುವರಿಯಲಿ. ಈಜಿಪ್ಟಿಗೆ ಹೋಗಲಾಗದವರು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದ ಹರಪ್ಪ ವಿಭಾಗ ನೋಡಿ. ಮಣಿ, ಬಳೆಗಳ ಮುಂದೆ ಸಾವಕಾಶವಾಗಿ ನಿಲ್ಲಿ. ಸಾವಿರಾರು ವರ್ಷ ಉಪ್ಪುಮಣ್ಣಿನಲ್ಲಿ ಹೂತಿದ್ದರಿಂದ ಎಷ್ಟೋ ಫಯಾನ್ಸ್ ಬಣ್ಣ ಕಳೆದುಕೊಂಡು ಬಿಳಿ, ಬೂದಿಯಾಗಿವೆ. ಮಂಕಾಗಿದೆ ಅಂತ ಮುಂದೆ ಹೋಗಬೇಡಿ. ಕೊರೆದ ಗೆರೆಗಳ ಸಂದಿಯಲ್ಲಿ ಹುಡುಕಿ, ಮೂಲದ ನೀಲಿ-ಹಸಿರು ಉಳಿದಿದ್ದರೆ ಅಲ್ಲಿಯೇ.